ಹಳೆಯ ಆಟೋಮ್ಯಾಟಿಕ್ ಗಾಡಿಯಲ್ಲಿ ಬೆಳಗಾವಿಯಿಂದ ವಿಜಯಪುರಕ್ಕೆ: ಗೇರ್‌ಬಾಕ್ಸ್ ಬಿಸಿಯೇರಿದ ದಾರಿ

ಬೆಳಗಾವಿಯಿಂದ ಯರಗಟ್ಟಿ, ಸವದತ್ತಿ, ರಾಮದುರ್ಗಗಳ ಮೂಲಕ ಬಾದಾಮಿಗೆ ಹೋಗಿ, ಪಟ್ಟದಕಲ್ಲು ನೋಡಿಕೊಂಡು, ಬಾಗಲಕೋಟೆ ಮತ್ತು ಕೊಲ್ಹಾರದ ಮೇಲೆ ವಿಜಯಪುರ ಸೇರುವ ದಾರಿ 300 ಕಿಲೋಮೀಟರಿಗೆ ತುಸು ಹೆಚ್ಚಾಗುತ್ತದೆ. ಇದರಲ್ಲಿ ಹೇಳಿಕೊಳ್ಳುವಂಥ ಘಾಟ್ ಇಲ್ಲ, ಕಡಿದಾದ ಏರು ಎಂದರೆ ಯಲ್ಲಮ್ಮನ ಗುಡ್ಡದ ಹತ್ತಿರ ಮಾತ್ರ. ಆದರೂ ಭಾರತ ಹುಣ್ಣಿಮೆಯ ಹೊತ್ತಿಗೆ ಈ ದಾರಿ ಹಿಡಿದ ನಮ್ಮ ಗಾಡಿಯ ಗೇರ್‌ಬಾಕ್ಸ್ ಸವದತ್ತಿಯಲ್ಲೇ ಬಿಸಿಯೇರಿ ನಿಂತಿತು. ನಮ್ಮದು 2010ರ ಮಾಡೆಲ್‌ನ ಡೀಸೆಲ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಶಕ್ತಿ ಹೋಗುವ ಗಾಡಿ), 5 ಗೇರ್‌ಗಳ ಆಟೋಮ್ಯಾಟಿಕ್. ಇಂಥ ಹಳೆಯ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡು, ಇದೇ ದಾರಿಯಲ್ಲಿ ಮನೆಮಂದಿಯನ್ನು ಕರೆದುಕೊಂಡು ಹೋಗಬೇಕೆನ್ನುವವರು ಹೊರಡುವ ಮೊದಲೇ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಕಷ್ಟ ಶುರುವಾದದ್ದು ನೇಸರಗಿ ದಾಟಿದ ಮೇಲೆ. ಅದು ಕಬ್ಬಿನ ಸುಗ್ಗಿಯ ಕಾಲ. ಎರಡೆರಡು ಟ್ರೇಲರ್ ಜೋಡಿಸಿಕೊಂಡು ಬಾಗಿ ತೂಗುವಷ್ಟು ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೊರಟಿದ್ದವು. ಅವುಗಳ ಹಿಂದೆ ಗಂಟೆಗೆ 15-20 ಕಿಲೋಮೀಟರ್ ವೇಗದಲ್ಲಿ ತೆವಳುವುದು, ಎದುರಿಗೆ ಜಾಗ ಸಿಕ್ಕಾಗ ಒಮ್ಮೆಲೇ ಒತ್ತಿ ಮುಂದೆ ಹೋಗುವುದು, ಮತ್ತೆ ಇನ್ನೊಂದು ಟ್ರ್ಯಾಕ್ಟರಿನ ಹಿಂದೆ ಸೇರುವುದು, ಹೀಗೆಯೇ ಎರಡು ತಾಸು ಕಳೆಯಿತು. ಗಾಡಿ ಎರಡನೆಯ ಗೇರಿಗೂ ಮೂರನೆಯ ಗೇರಿಗೂ ನಡುವೆ ತಡಕಾಡುತ್ತಿದ್ದುದು ಕಾಲಿಗೆ ಗೊತ್ತಾಗುತ್ತಿತ್ತು, ಆದರೆ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮದರಂಥ ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್‌ನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದು ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುತ್ತದೆ. ಮೇಲಿನ ಗೇರಿನಲ್ಲಿ ವೇಗ ಹಿಡಿದ ಮೇಲೆ ಅದರೊಳಗಿನ ಲಾಕ್‌ಅಪ್ ಕ್ಲಚ್ ಕೂಡಿಕೊಂಡು ಜಾರುವಿಕೆ ನಿಲ್ಲುತ್ತದೆ. ನಿಧಾನವಾಗಿ ಸಾಗುವಾಗ ಹಾಗಾಗುವುದಿಲ್ಲ, ಎಣ್ಣೆ ಒಂದೇ ಸಮನೆ ಕಡೆಯಲ್ಪಡುತ್ತ ಕಾಯುತ್ತದೆ. 100ರ ವೇಗದಲ್ಲಿ ಹೆದ್ದಾರಿಯಲ್ಲಿ ಓಡುವುದಕ್ಕಿಂತ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳುವುದು ಗೇರ್‌ಬಾಕ್ಸಿಗೆ ಹೆಚ್ಚಿನ ಕಷ್ಟ ಎಂಬುದು ನನಗೆ ಮನವರಿಕೆಯಾದದ್ದು ಈ ಪ್ರವಾಸದಲ್ಲಿಯೇ.

ಸವದತ್ತಿಯಿಂದ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಜಾತ್ರೆಗೆ ಹೊರಟ ಚಕ್ಕಡಿಗಳು, ಟ್ರ್ಯಾಕ್ಟರುಗಳು, ಭಂಡಾರ ಹಚ್ಚಿಕೊಂಡು ‘ಉಧೋ ಉಧೋ’ ಎನ್ನುತ್ತ ನಡೆಯುವ ಜನ. ನಾಲ್ಕು ಹೆಜ್ಜೆ ಹೋಗುವುದು, ನಿಲ್ಲುವುದು. ನಾನು ಗೇರನ್ನು ‘ಡಿ’ಯಲ್ಲಿಯೇ (ಡ್ರೈವ್) ಇಟ್ಟು ಬ್ರೇಕ್ ಒತ್ತಿ ಹಿಡಿಯುತ್ತಿದ್ದೆ. ಇದು ತಪ್ಪು. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದಾಗ ‘ಎನ್’ಗೆ (ನ್ಯೂಟ್ರಲ್) ತಂದು ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಅಷ್ಟು ಬಿಸಿ ಹುಟ್ಟುತ್ತಿರಲಿಲ್ಲ. ಏರಿನ ನಡುವೆ ಇಂಜಿನ್ನಿನ ಸದ್ದು ಮೇಲೇರಿತು, ಗಾಡಿ ಮಾತ್ರ ಮುಂದಕ್ಕೆ ಎಳೆಯಲಿಲ್ಲ. ಅದರ ಹಿಂದೆಯೇ ಗೇರ್‌ಬಾಕ್ಸ್ ಎಣ್ಣೆಯ ದೀಪ ಹೊತ್ತಿಕೊಂಡಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಆ ಹೊತ್ತಿನಲ್ಲೂ ಇಂಜಿನ್ ಉಷ್ಣತೆಯ ಮುಳ್ಳು ಸರಿಯಾಗಿ ನಡುವೆ ನಿಂತಿತ್ತು. ಆ ಮುಳ್ಳು ಇಂಜಿನ್ನಿನ ನೀರಿನ ಬಿಸಿಯನ್ನು ಹೇಳುತ್ತದೆಯೇ ಹೊರತು ಗೇರ್‌ಬಾಕ್ಸಿನದಲ್ಲ. ಅದನ್ನು ನಂಬಿ ಕುಳಿತವರಿಗೆ ದೀಪ ಹೊತ್ತುವವರೆಗೆ ಏನೂ ತಿಳಿಯುವುದಿಲ್ಲ, ದೀಪ ಹೊತ್ತುವ ಹೊತ್ತಿಗೆ ಎಣ್ಣೆ ಅದಾಗಲೇ ಸೀಯುವ ಹಂತಕ್ಕೆ ಬಂದಿರುತ್ತದೆ.

ಗಾಬರಿಯಲ್ಲಿ ನಾನು ಬದಿಗೆ ಸರಿಸಿ ಕೂಡಲೇ ಇಂಜಿನ್ ಬಂದ್ ಮಾಡಿದೆ. ಜೊತೆಗಿದ್ದ ಅಕ್ಕನ ಗಂಡ ವರ್ಷಗಟ್ಟಲೆ ಲಾರಿ ನಡೆಸಿದವರು. ‘ಬಂದ್ ಮಾಡಬ್ಯಾಡಪಾ, ಒಳಗಿನ ಎಣ್ಣಿ ತಿರಗಬೇಕು’ ಎಂದು ತಡೆದು ಮತ್ತೆ ಚಾಲೂ ಮಾಡಿಸಿದರು. ಮಾಮಾ ಹೇಳಿದ್ದೇ ಸರಿ. ಗೇರ್‌ಬಾಕ್ಸಿನ ಎಣ್ಣೆಯನ್ನು ಕೂಲರಿಗೆ ತಳ್ಳುವ ಪಂಪ್ ತಿರುಗುವುದು ಇಂಜಿನ್ನಿನಿಂದ. ಇಂಜಿನ್ ನಿಂತರೆ ಕಾದ ಎಣ್ಣೆ ಕನ್ವರ್ಟರಿನಲ್ಲಿಯೇ ನಿಂತು ಸೀಲುಗಳನ್ನು ಬೇಯಿಸುತ್ತದೆ. ಆದ್ದರಿಂದ ಹೊಗೆಯಾಗಲೀ ಎಣ್ಣೆಯ ಸೋರಿಕೆಯಾಗಲೀ ಕಾಣದಿದ್ದರೆ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ‘ಎನ್’ನಲ್ಲಿ ಇಟ್ಟು, ಎಸಿ ಆರಿಸಿ, ಬಾನೆಟ್ ತೆರೆದು 15-20 ನಿಮಿಷ ಇಂಜಿನ್ ಸುಮ್ಮನೆ ಓಡಲು ಬಿಡಬೇಕು. ‘ಪಿ’ಯಲ್ಲಿ (ಪಾರ್ಕ್) ಇಡಬಾರದೇ ಎಂದು ಕೇಳುವವರಿದ್ದಾರೆ, ಕೆಲವು ಹಳೆಯ ಗೇರ್‌ಬಾಕ್ಸುಗಳಲ್ಲಿ ‘ಪಿ’ಯಲ್ಲಿದ್ದಾಗ ಎಣ್ಣೆ ಕೂಲರಿನ ಕಡೆಗೆ ಹರಿಯುವುದಿಲ್ಲ, ಹೀಗಾಗಿ ‘ಎನ್’ ನಂಬಿಕೆಯ ಆಯ್ಕೆ.

ದೀಪ ಆರಿದ ಮೇಲೆ ಸವದತ್ತಿಗೆ ಇಳಿದು, ಸಪಾಟು ಜಾಗದಲ್ಲಿ ನಿಲ್ಲಿಸಿ, ಗೇರ್‌ಬಾಕ್ಸ್ ಎಣ್ಣೆಯ ಮಟ್ಟ ನೋಡುವ ಕಡ್ಡಿ ಡಿಪ್‌ಸ್ಟಿಕ್ ಎಳೆದೆವು. ಮಾಮಾ ತಮ್ಮ ಬಿಳಿ ಕರವಸ್ತ್ರವನ್ನು ಬಾನೆಟ್ ಮೇಲೆ ಹಾಸಿ ಕಡ್ಡಿಯ ತುದಿಯಿಂದ ಎರಡು ಹನಿ ಬೀಳಿಸಿದರು. ಹೊಸ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಸಾಮಾನ್ಯವಾಗಿ ದಾಳಿಂಬೆಯ ಕೆಂಪಿನಲ್ಲಿರುತ್ತದೆ. ನಮ್ಮ ಹನಿ ಹರಡಿದಾಗ ಅಂಚು ತೆಳುಗಂದು, ನಡುವೆ ಕಪ್ಪುಚುಕ್ಕೆ; ಮೂಗಿಗೆ ಹಿಡಿದರೆ ಹಂಚಿನ ಮೇಲೆ ಸೀದ ಎಣ್ಣೆಯ ವಾಸನೆ. ಕಡ್ಡಿಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳೂ ಇದ್ದವು, ಎಣ್ಣೆಯ ಮಟ್ಟ, ಬಿಸಿ ಎಣ್ಣೆಗೆಂದು ಹಾಕಿದ ‘ಹಾಟ್’ ಗುರುತಿಗಿಂತ ಒಂದು ಬೆರಳು ಮೇಲಿತ್ತು. ಪ್ರವಾಸಕ್ಕೆ ಮೊದಲು ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದೆ. ಅಲ್ಲಿ ಗಾಡಿ ತಣ್ಣಗಿದ್ದಾಗಲೇ ‘ಹಾಟ್’ ಗುರುತಿನವರೆಗೆ ಎಣ್ಣೆ ಸುರಿದಿದ್ದರು. ಕಾದ ಎಣ್ಣೆ ಹಿಗ್ಗಿ ಮೇಲೇರಿ, ತಿರುಗುವ ಭಾಗಗಳಿಗೆ ತಾಗಿ ನೊರೆಯಾಗುತ್ತದೆ. ನೊರೆಯಲ್ಲಿ ಗಾಳಿ ಇರುವುದರಿಂದ ಒತ್ತಡ ನಿಲ್ಲದೆ ಒಳಗಿನ ಕ್ಲಚ್‌ಗಳು ಜಾರುತ್ತವೆ, ಜಾರಿದಷ್ಟೂ ಬಿಸಿ ಹೆಚ್ಚುತ್ತದೆ. ಎಣ್ಣೆ ಕಡಿಮೆಯಾದರೂ ಪಂಪ್ ಗಾಳಿ ಎಳೆದು ಇದೇ ತೊಂದರೆಯಾಗುತ್ತದೆ. ಹಾಗಾಗಿ ಕಡ್ಡಿ ಇರುವ ಗಾಡಿಗಳಲ್ಲಿ ಮಟ್ಟ ನೋಡುವ ಕ್ರಮವನ್ನು ಮಾಲೀಕರ ಕೈಪಿಡಿ ನೋಡಿ ನೀವೇ ಕಲಿತುಕೊಳ್ಳಿ. ಬಹುತೇಕ ಗಾಡಿಗಳಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಇಂಜಿನ್ ಚಾಲೂ ಇಟ್ಟೇ, ಬ್ರೇಕ್ ಒತ್ತಿ ಎಲ್ಲ ಗೇರುಗಳನ್ನೂ ಒಮ್ಮೆ ಹಾಯಿಸಿ, ಆಮೇಲೆ ನೋಡಬೇಕು. ಕಡ್ಡಿಯೇ ಇಲ್ಲದ ಗೇರ್‌ಬಾಕ್ಸುಗಳಲ್ಲಿ ನಿಗದಿತ ಉಷ್ಣತೆಯಲ್ಲಿ ಬದಿಯ ಬೋಲ್ಟ್ ತೆಗೆದು ನೋಡಬೇಕಾಗುವುದರಿಂದ ಅದನ್ನು ದಾರಿಯಲ್ಲಿ ಮಾಡಲಾಗದು, ಊರಲ್ಲೇ ಮುಗಿಸಿಕೊಂಡು ಹೊರಡಬೇಕು.

ಹೆಚ್ಚಿನ ಎಣ್ಣೆ ತೆಗೆಯಲು ಔಷಧ ಅಂಗಡಿಯಿಂದ 50 ಮಿಲಿಲೀಟರಿನ ಸಿರಿಂಜ್ ಮತ್ತು ಸಲೈನ್ ನಳಿಗೆ ತಂದೆವು. ಗಾಡಿ ಆರಲು ಒಂದು ತಾಸು ಬಿಟ್ಟು, ನಳಿಗೆಯನ್ನು ಡಿಪ್‌ಸ್ಟಿಕ್ಕಿನ ಕೊಳವೆಯೊಳಗೆ ಇಳಿಸಿ ಹತ್ತು ಸಲ ಎಳೆದು, ಅರ್ಧ ಲೀಟರಿನಷ್ಟು ಹೊರತೆಗೆದೆವು. ಪ್ರತಿ ಸಲವೂ ಸಿರಿಂಜಿನೊಳಗೆ ನೊರೆ ಮೊದಲು ಬಂದು ಆಮೇಲೆ ಎಣ್ಣೆ ಬರುತ್ತಿತ್ತು. ಇಂಥ ಸಿರಿಂಜ್ ಮತ್ತು ನಳಿಗೆಯ ಜೊತೆಗೆ ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಎಟಿಎಫ್ 2 ಲೀಟರ್ ಗಾಡಿಯಲ್ಲಿರಲಿ. ಸಣ್ಣ ಊರುಗಳಲ್ಲಿ ಅದು ಕೇಳಿದ ಕೂಡಲೇ ಸಿಗುವ ಸರಕಲ್ಲ, ಸಿಕ್ಕಿದ್ದನ್ನು ಬೆರೆಸುವುದು ಗೇರ್‌ಬಾಕ್ಸಿಗೆ ಒಳ್ಳೆಯದಲ್ಲ.

ರಾಮದುರ್ಗದಿಂದ ಬಾದಾಮಿಯವರೆಗೆ 60 ಮೀರದೆ, ಅರ್ಧ ತಾಸಿಗೊಮ್ಮೆ ನಿಲ್ಲಿಸುತ್ತ ಹೋದೆವು. ತಡಕಾಟ ಕಂಡಾಗಲೆಲ್ಲ ಗೇರನ್ನು ಕೈಯಿಂದಲೇ ಕೆಳಗಿನ ಹಂತಕ್ಕೆ ಕಟ್ಟಿಹಾಕಿದೆ. ಮರುದಿನ ಪಟ್ಟದಕಲ್ಲಿನಲ್ಲಿ ಗುಡಿಗಳಿಗೆ ನಿಧಾನವಾಗಿ ಎರಡು ತಾಸು ಕೊಟ್ಟೆವು. ಗಾಡಿಗೂ ಅಷ್ಟು ಹೊತ್ತು ನೆರಳು ಸಿಕ್ಕಿತು. ಹೊಲದ ದಾರಿಯಲ್ಲಿ ಇಳಿಯಬೇಕೆನಿಸಿದರೆ, ಎರೆಮಣ್ಣಿನ ಸಡಿಲ ದೂಳಿನಲ್ಲೋ ಹೊಳೆಯ ಮರಳಿನಲ್ಲೋ ಸಾಮಾನ್ಯ ಗೇರಿನಲ್ಲಿ ಒತ್ತಾಡುವುದರ ಬದಲು ಫೋರ್ ಲೋ (ನಾಲ್ಕೂ ಚಕ್ರಗಳನ್ನು ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ ಗೇರು) ಹಾಕಿಕೊಳ್ಳಿ. ಅದರಲ್ಲಿ ಕನ್ವರ್ಟರಿನ ಮೇಲಿನ ಭಾರ ಇಳಿದು ಜಾರುವಿಕೆ ಕಡಿಮೆಯಾಗುತ್ತದೆ. ಹೂತ ಗಾಡಿಯನ್ನು ‘ಡಿ’ ಮತ್ತು ‘ಆರ್’ (ರಿವರ್ಸ್) ನಡುವೆ ಮತ್ತೆ ಮತ್ತೆ ತೂಗಾಡಿಸಿ ತೆಗೆಯುವ ಅಭ್ಯಾಸ ನಿಮಗಿದ್ದರೆ ದಯವಿಟ್ಟು ಬಿಡಿ; ಎಣ್ಣೆ ಕಾಯಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ಬಾಗಲಕೋಟೆಯ ನವನಗರದಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಸಿಕ್ಕರು. ಅವರು ಗೇರ್‌ಬಾಕ್ಸನ್ನು ಮುಟ್ಟುವ ಮೊದಲೇ ಮುಂದಿನ ಜಾಲರಿಯ ಹತ್ತಿರ ಬಗ್ಗಿ ಟಾರ್ಚ್ ಹಿಡಿದರು. ‘ಸಾಹೇಬ್ರ, ಇಲ್ಲಿ ನೋಡ್ರಿ’ ಎಂದು ಮೇಲಿನ ಪಟ್ಟಿಯ ಬೋಲ್ಟುಗಳನ್ನು ಸಡಿಲಿಸಿ ಎಸಿಯ ಕಂಡೆನ್ಸರನ್ನು ತುಸು ಮುಂದಕ್ಕೆ ವಾಲಿಸಿದಾಗ, ಅದರ ಮತ್ತು ರೇಡಿಯೇಟರಿನ ನಡುವಿನ ಸಂದಿನಲ್ಲಿ ಕಬ್ಬಿನ ರವದಿಯ ಚೂರು, ಹುಳುಗಳ ರೆಕ್ಕೆ, ಎರೆಮಣ್ಣಿನ ದೂಳು ಕಲೆತು ಕಂಬಳಿಯ ಹಾಗೆ ಅಂಟಿಕೊಂಡಿತ್ತು. ಹೊರಗಿನಿಂದ ನೋಡಿದರೆ ಎಲ್ಲ ಸ್ವಚ್ಛವಾಗಿ ಕಾಣುತ್ತಿತ್ತು. ನಮ್ಮ ಗಾಡಿಯಲ್ಲಿ ಗೇರ್‌ಬಾಕ್ಸಿನ ಕೂಲರ್ ಇರುವುದು ರೇಡಿಯೇಟರಿನ ಕೆಳಗಿನ ತೊಟ್ಟಿಯೊಳಗೆ. ರೇಡಿಯೇಟರಿಗೆ ಗಾಳಿ ಸಾಲದಿದ್ದರೆ ಎಣ್ಣೆ ತಣಿಯುವ ಬಗೆಯೇ ಇಲ್ಲ. ಮಿಸ್ತ್ರಿ ನೀರನ್ನು ಜೋರಾಗಿ ಹೊಡೆಯಲಿಲ್ಲ. ಇಂಜಿನ್ ಕಡೆಯಿಂದ ಹೊರಗೆ ಬರುವಂತೆ, ಮೆತ್ತಗಿನ ಧಾರೆಯಲ್ಲಿ ಮುಕ್ಕಾಲು ತಾಸು ತೊಳೆದರು, ಏಕೆಂದರೆ ಹೆಚ್ಚಿನ ಒತ್ತಡಕ್ಕೆ ತೆಳು ಪಟ್ಟಿಗಳು ಮಡಚಿಕೊಂಡು ಗಾಳಿಯ ದಾರಿ ಕಾಯಮ್ಮಾಗಿ ಮುಚ್ಚುತ್ತದೆ. ಫ್ಯಾನಿನ ಕಪ್ಲಿಂಗ್ ಬಿಗಿ ಇದೆಯೇ ಎಂದು ಕೈಯಿಂದ ತಿರುಗಿಸಿ ನೋಡಿದರು. ರೇಡಿಯೇಟರಿನ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ಎಂದೂ ಪರೀಕ್ಷಿಸಿದರು. ಹಳೆಯ ರೇಡಿಯೇಟರುಗಳಲ್ಲಿ ಒಳಗಿನ ಕೂಲರ್ ಬಿರುಕು ಬಿಟ್ಟರೆ ನೀರು ಎಟಿಎಫ್‌ಗೆ ಸೇರಿ ಅದು ಹಾಲು ಬೆರೆಸಿದಂತೆ ನಸುಗೆಂಪಾಗುತ್ತದೆ; ಹಾಗೆ ಕಂಡರೆ ಒಂದು ಕಿಲೋಮೀಟರನ್ನೂ ಓಡಿಸಬಾರದು.

ಗೇರ್‌ಬಾಕ್ಸಿನ ಅಡಿಯ ಎಣ್ಣೆಯ ತಟ್ಟೆ ಬಿಚ್ಚಿದಾಗ ಅದರ ಅಯಸ್ಕಾಂತದ ಮೇಲೆ ಬೂದಿಬಣ್ಣದ ನುಣುಪು ಕೆಸರು ಮಾತ್ರ ಇತ್ತು. ಅದು ಸಹಜ ಸವೆತ. ಲೋಹದ ಚೂರುಗಳು ಬೆರಳಿಗೆ ಚುಚ್ಚಿದ್ದರೆ ಪ್ರವಾಸ ಅಲ್ಲಿಗೇ ಮುಗಿಯುತ್ತಿತ್ತು. ಫಿಲ್ಟರ್ ಬದಲಿಸಿ ಹೊಸ ಎಣ್ಣೆ ತುಂಬಿದರು. ತಟ್ಟೆಯಿಂದ ಇಳಿಯುವುದು ಸಾಮಾನ್ಯವಾಗಿ ಒಟ್ಟು ಎಣ್ಣೆಯ ಅರ್ಧದಷ್ಟೂ ಅಲ್ಲ, ಉಳಿದದ್ದರಲ್ಲಿ ಹೆಚ್ಚಿನದು ಕನ್ವರ್ಟರಿನಲ್ಲೇ ಇರುತ್ತದೆ. ಆದ್ದರಿಂದ ಸಾವಿರ ಕಿಲೋಮೀಟರಿನ ನಂತರ ಇನ್ನೊಮ್ಮೆ ಬದಲಿಸಲು ಹೇಳಿದರು.

ಮಿಸ್ತ್ರಿಯ ಬಳಿ ಇದ್ದ ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಒಂದು ಪುಟ್ಟ ಓಬಿಡಿ ಉಪಕರಣವನ್ನೂ ಕೊಂಡೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದರೆ ನಮ್ಮ ಗಾಡಿಯಲ್ಲಿ ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆ ಫೋನಿನಲ್ಲಿ ಕಾಣುತ್ತದೆ. ಎಲ್ಲ ಹಳೆಯ ಗಾಡಿಗಳೂ ಇದನ್ನು ತೋರಿಸುವುದಿಲ್ಲ, ಕೊಳ್ಳುವ ಮೊದಲು ಚುಚ್ಚಿ ನೋಡಿ. 80ರಿಂದ 95 ಡಿಗ್ರಿ ನೆಮ್ಮದಿಯ ಮಟ್ಟ. 110 ದಾಟಿದರೆ ನಾನು ನೆರಳು ಹುಡುಕಿ ನಿಲ್ಲಿಸುತ್ತೇನೆ. 120ರ ಮೇಲೆ ಎಣ್ಣೆ ಬೇಗ ಕೆಡುತ್ತದೆ, ಸೀಲುಗಳು ಗಟ್ಟಿಯಾಗತೊಡಗುತ್ತವೆ. ಕೊಲ್ಹಾರದ ಉದ್ದ ಸೇತುವೆಯ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಅದು 84 ತೋರಿಸುತ್ತಿತ್ತು. ಸೇತುವೆ ದಾಟಿ ಕುಡಿಕೆಯ ಮೊಸರು ಕೊಂಡು, ತಿಂದು, ಸಂಜೆಗೆ ಮೊದಲೇ ವಿಜಯಪುರ ಮುಟ್ಟಿದೆವು.

ದಾರಿಯಲ್ಲಿ ಗಾಡಿ ಪೂರ್ತಿ ನಿಂತರೆ ಹಗ್ಗ ಕಟ್ಟಿ ಎಳೆಸಲು ಒಪ್ಪಬೇಡಿ. ಇಂಜಿನ್ ನಿಂತಾಗ ಪಂಪ್ ತಿರುಗದೆ, ಚಕ್ರಗಳು ಮಾತ್ರ ಗೇರ್‌ಬಾಕ್ಸನ್ನು ಎಣ್ಣೆಯಿಲ್ಲದೆ ತಿರುಗಿಸುತ್ತವೆ. ನಾಲ್ಕೂ ಚಕ್ರಗಳು ಮೇಲೇರುವಂಥ ಗಾಡಿಯನ್ನೇ ಕರೆಸಬೇಕು, ಅದರ ನಂಬರನ್ನು ಹೊರಡುವ ಮುನ್ನ ಬರೆದಿಟ್ಟುಕೊಳ್ಳಬೇಕು. ಸುಗ್ಗಿಯ ತಿಂಗಳುಗಳಲ್ಲಿ ಹೋಗುವವರು ಬೆಳಗಿನ 5 ಗಂಟೆಗೇ ಬೆಳಗಾವಿ ಬಿಡುವುದು ಒಳ್ಳೆಯದು, ಹುಣ್ಣಿಮೆಯ ದಿನ ಗುಡ್ಡಕ್ಕೆ ಹೋಗಲೇಬೇಕಾದರೆ ಗಾಡಿಯನ್ನು ಸವದತ್ತಿಯಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಿಬನ್ನಿ. ಬೆಳಗಾವಿಗೆ ಮರಳಿದ ಮೇಲೆ ಮಿಸ್ತ್ರಿ ಹೇಳಿದಂತೆ ಎರಡನೆಯ ಸಲ ಎಣ್ಣೆ ಬದಲಿಸಿ, 50 ಕಿಲೋಮೀಟರ್ ಓಡಿಸಿ, ಬಿಳಿ ಬಟ್ಟೆಯ ಮೇಲೆ ಎರಡು ಹನಿ ಬೀಳಿಸಿ ನೋಡಿದೆ. ನಡುವೆ ಕಪ್ಪುಚುಕ್ಕೆ ಇರಲಿಲ್ಲ, ಹನಿ ಅಂಚಿನವರೆಗೆ ಕೆಂಪಾಗಿಯೇ ಹರಡಿತು.