ಹಲಸಿನ ಹಲಗೆ ಮೇಲೆ ಕೋಳಿ ಹೆಜ್ಜೆ

1994ರ ಬೇಸಿಗೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿಗೆ ಒಂದು ಬೆಂಚು ಬೇಕಿತ್ತು. ಗಾಳಿಗೆ ಬಿದ್ದ ಹಲಸಿನ ಮರ ಕೊಯ್ಸಿ, ಹಲಗೆಯನ್ನು ಎರಡು ವರ್ಷ ಅಟ್ಟದಲ್ಲಿ ಒಣಗಿಸಿದ್ದೆವು. ಆರಡಿ ಉದ್ದ, ಒಂದಡಿಗಿಂತ ಜಾಸ್ತಿ ಅಗಲ. ಅದನ್ನು ನೋಡಿದ ಬಡಗಿ ಆಚಾರ್ರು, ಹಲಗೆ ಹೆರೆದು ನುಣುಪು ಮಾಡುವ ದೊಡ್ಡ ಹತ್ತರಿಯನ್ನೇ ತೆಗೆದರು. ಅದಕ್ಕೆ ಇಬ್ಬರು ಬೇಕು. ಹಿಂದಿನವನು ಒತ್ತಿ ನೂಕಬೇಕು, ಮುಂದಿನವನು ಹತ್ತರಿಯ ಮುಂದಿನ ಗೂಟಕ್ಕೆ ಕಟ್ಟಿದ ಹಗ್ಗ ಹಿಡಿದು ಎಳೆಯಬೇಕು. ನೂಕಲು ನಾನು, ಎಳೆಯಲು ಅವರ ಮಗ.

ಬೆಳಿಗ್ಗೆಯೆಲ್ಲ ಸರಾಗ. ಹೊಟ್ಟು ಅರಿಶಿನ ಬಣ್ಣದ ಸುರುಳಿಯಾಗಿ ಉದುರುತ್ತಿತ್ತು. ಹುಡುಗನ ಬೆನ್ನ ಹಿಂದೆ ಮೊಣಕಾಲೆತ್ತರದ ರಾಶಿ. ಅದರೊಳಗೆ ನಮ್ಮ ಕೋಳಿ ಕೂತಿದ್ದು ಯಾರಿಗೂ ಗೊತ್ತಿರಲಿಲ್ಲ.

ಒಂದು ಗಂಟಿನ ಹತ್ತಿರ ಹತ್ತರಿ ಗಕ್ಕನೆ ನಿಂತಿತು. ಹುಡುಗ ನಿಲ್ಲಲಿಲ್ಲ. ಗೂಟ ಕಿತ್ತು ಬಂತು, ಅವನು ಅಂಗಾತ ಹೊಟ್ಟಿನ ರಾಶಿಗೆ ಬಿದ್ದ. ಕಾಣುತ್ತಿದ್ದದ್ದು ಎರಡು ಪಾದ, ಹಗ್ಗ ಹಿಡಿದ ಒಂದು ಕೈ, ಹಗ್ಗದ ತುದಿಯಲ್ಲಿ ತೂಗಾಡುವ ಗೂಟ. ಪಕ್ಕದಿಂದ ಕೋಳಿ ಕಿರುಚಿಕೊಂಡು ಹಾರಿತು. ಗೆರೆ ಹೊಡೆಯುವ ನೂಲು ಅದ್ದಲು ಇಟ್ಟಿದ್ದ ಜಾಜಿನ, ಅಂದರೆ ಕೆಮ್ಮಣ್ಣಿನ ಬಣ್ಣದ, ಬಟ್ಟಲಿಗೆ ಇಳಿಯಿತು. ಅಲ್ಲಿಂದ ನೇರ ಹಲಗೆಗೆ. ಬೆಳಿಗ್ಗೆಯಿಂದ ನುಣುಪು ಮಾಡಿದ್ದರ ಮೇಲೆ ಈ ತುದಿಯಿಂದ ಆ ತುದಿಗೆ ಕೆಂಪು ಕಾಲುಗುರುತು!

ಆಚಾರ್ರು ಮೊದಲು ಮಗನ ಕೈಕಾಲು ಮುಟ್ಟಿ ನೋಡಿದರು. ಏನೂ ಆಗಿಲ್ಲ ಅಂತ ಗೊತ್ತಾದ ಮೇಲೆ ನಗಲು ಶುರು ಮಾಡಿದರು. ಕಿವಿ ಮೇಲಿನ ಪೆನ್ಸಿಲ್ ಉದುರಿತು. ಹುಡುಗನೂ ಕೂದಲ ತುಂಬ ಸುರುಳಿ ಸಿಕ್ಕಿಸಿಕೊಂಡು ನಕ್ಕ. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು. ಮೆಷಿನ್ ತಿರುಗುವ ಕಡೆ ಮರ ಸಿಕ್ಕಿಕೊಂಡರೆ ಯಾರೂ ನಗುವ ಹಾಗಿಲ್ಲ, ಅಲ್ವಾ? ಕೈ ಕೆಲಸದ ಈ ಭಾಗ್ಯ ನನಗೆ ತುಂಬಾ ಇಷ್ಟ.

ನಗು ನಿಂತ ಮೇಲೆ ಆಚಾರ್ರು ನನ್ನ ಬೆರಳು ಹಿಡಿದು ಗಂಟಿನ ಸುತ್ತ ಸವರಿಸಿದರು. "ಬೆಕ್ಕಿನ ಬೆನ್ನು ಸವರಿದ ಹಾಗೆ ನೋಡು. ಈ ಕಡೆ ನುಣುಪು, ಆ ಕಡೆ ಚುಚ್ಚತ್ತೆ." ಹಲಸಿನಲ್ಲಿ ನಾರು ಒಂದು ಪಟ್ಟಿ ಈ ಕಡೆ ಮಲಗಿದರೆ ಪಕ್ಕದ್ದು ಆ ಕಡೆ ಮಲಗಿರುತ್ತದೆ. ಗಂಟಿನ ಹತ್ತಿರ ಅಂತೂ ಎದ್ದೇ ನಿಲ್ಲುತ್ತದೆ. ಅವರು ಸಣ್ಣ ಹತ್ತರಿಯ ಬೆಣೆ ಸಡಿಲಿಸಿ ಅಲಗನ್ನು ಕೂದಲೆಳೆಯಷ್ಟು ಒಳಗೆ ಸರಿಸಿದರು. ಹತ್ತರಿಯನ್ನು ಸ್ವಲ್ಪ ಓರೆ ಹಿಡಿದು, ಎದುರು ದಿಕ್ಕಿನಿಂದ ನೂಕಿದರು. ಹೊಟ್ಟು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಎದ್ದಿತು.

ಕೆಂಪು ಹೆಜ್ಜೆಗಳೆಲ್ಲ ಹೋದವು. ಗಂಟಿನ ಪಕ್ಕ ನಾರು ಕಿತ್ತು ಕುಳಿಯಾಗಿದ್ದ ಕಡೆ ಮಾತ್ರ ಒಂದು ಉಳಿಯಿತು. ಅದನ್ನೂ ತೆಗೆಯುತ್ತೇನೆ ಅಂದರು. ಅಮ್ಮ ಬೇಡ ಅಂದರು. ಆ ಮುಖವನ್ನು ಕೆಳಗೆ ಮಾಡಿ ಕಾಲು ಕೂರಿಸಿದರು. ಹಲಸು ಈಗ ಕಂದು ಬಣ್ಣಕ್ಕೆ ತಿರುಗಿದೆ. ಬೆಂಚಿನ ಕೆಳಗೆ ಮಲಗಿ ನೋಡಿದರೆ ಮೂರು ಬೆರಳು ಇನ್ನೂ ಕೆಂಪಗೆ ಕಾಣುತ್ತವೆ.