ವೈನಿಗೂ ಒಂದು ತಂಬಿಗೆ

ನನ್ನ ಮೊದಲ ಡಿಕ್ಯಾಂಟರಿನ, ಅಂದರೆ ಬಾಟಲಿಯ ವೈನನ್ನು ಬಗ್ಗಿಸಿಕೊಳ್ಳುವ ಗಾಜಿನ ಪಾತ್ರೆಯ, ಕತ್ತು ಹಂಸದ ಕತ್ತಿನ ಹಾಗೆ ಉದ್ದಕ್ಕೆ ಬಾಗಿತ್ತು. ಅಂಗಡಿಯ ದೀಪದ ಕೆಳಗೆ ಥಳಥಳ ಹೊಳೆಯುತ್ತಿತ್ತು. 140 ಡಾಲರ್ ಕೊಟ್ಟು ತಂದೆ. ಒಂದು ಆರು ಸಲ ಬಳಸಿದ್ದೆನೋ ಏನೋ, ತಳದಲ್ಲಿ ನೇರಳೆ ಬಣ್ಣದ ಉಂಗುರ ಕೂತುಬಿಟ್ಟಿತು. ಬ್ರಷ್ ಆ ಬಳುಕಿನಲ್ಲಿ ತಿರುಗುವುದೇ ಇಲ್ಲ, ನಾನೂ ಹಠಕ್ಕೆ ಬಿದ್ದು ಸಿಂಕಿನಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದೆ, ಕತ್ತು ನಲ್ಲಿಗೆ ತಾಗಿ ಟಣ್ ಅಂತು. ಅಷ್ಟೇ.

ನಾನಿರುವುದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ. ವೈನಿಗೆ ಹೆಸರಾದ ಬರೋಸಾ ಕಣಿವೆ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ, ದಕ್ಷಿಣಕ್ಕೆ ಹೋದರೆ ಮೆಕ್‌ಲಾರೆನ್ ವೇಲ್ ಇನ್ನೂ ಹತ್ತಿರ, ಮಗಿಲ್ ಬಡಾವಣೆಯಲ್ಲಂತೂ ಮನೆಗಳ ಪಕ್ಕದಲ್ಲೇ ದ್ರಾಕ್ಷಿತೋಟ. ನಮ್ಮ ಕಡೆ ಊಟಕ್ಕೆ ಕರೆದರೆ ಬಾಳೆಹಣ್ಣು, ಹೂವು ಹಿಡಿದುಕೊಂಡು ಹೋಗುತ್ತೇವಲ್ಲ, ಹಾಗೆ ಇಲ್ಲಿ ಒಂದು ಬಾಟಲಿ ಶಿರಾಜ್ ಅನ್ನುವ ಕೆಂಪು ವೈನ್. ನಾವು ಜಾಸ್ತಿ ಕುಡಿಯುವವರಲ್ಲ (ಅತ್ತೆ ಇದನ್ನು ಓದುತ್ತಾರೆ), ಆದರೆ ಬಾಟಲಿಗಳು ತಾವಾಗೇ ಮನೆ ಸೇರುತ್ತವೆ.

ಡಿಕ್ಯಾಂಟರ್ ಅಂದರೆ ದೊಡ್ಡವರ ಶೋಕಿ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಈ ಕೆಲಸಕ್ಕೆ ನಮ್ಮ ಅಡುಗೆಮನೆಯಲ್ಲಿ ಮೊದಲಿಂದಲೂ ಒಂದು ಮಾತಿದೆ: ತಿಳಿ ಬಗ್ಗಿಸುವುದು. ಹಳೆಯ ಕೆಂಪು ವೈನಿನಲ್ಲಿ ವರ್ಷಗಳು ಕಳೆದಂತೆ ಗಸಿ ಇಳಿಯುತ್ತದೆ. ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಬೇಕು. ಆಮೇಲೆ ಅದರ ಕತ್ತಿನ ಹಿಂದೆ ಫೋನಿನ ಟಾರ್ಚ್ ಹಿಡಿದು, ತಡೆಯದೆ ಒಂದೇ ಸಮ ನಿಧಾನಕ್ಕೆ ಬಗ್ಗಿಸುತ್ತಾ ಹೋಗಬೇಕು. ಕೊನೆಕೊನೆಗೆ ಕಪ್ಪು ಹೊಗೆಯ ಎಳೆಯಂಥದ್ದು ಕತ್ತಿನ ಕಡೆಗೆ ಜಾರಿ ಬರುತ್ತದೆ. ಅದು ಕಂಡ ತಕ್ಷಣ ನಿಲ್ಲಿಸುವುದು. ಎರಡು ಬೆರಳಷ್ಟು ಬಾಟಲಿಯಲ್ಲೇ ಉಳಿಯಲಿ, ಜಿಪುಣತನ ಬೇಡ.

ಇನ್ನೊಂದು ಕೆಲಸ ಗಾಳಿಯಾಡಿಸುವುದು. ಇದು ಎಳೆಯ ವೈನಿಗೆ. ಇಲ್ಲಿನ ವೈನ್ ಬಹುಪಾಲು ತಿರುಪು ಮುಚ್ಚಳದ್ದು. 2000ನೇ ಇಸವಿಯ ಸುಗ್ಗಿಯಲ್ಲಿ ಇಲ್ಲಿನ ಕ್ಲೇರ್ ಕಣಿವೆಯಲ್ಲಿ ರೀಸ್ಲಿಂಗ್ ಅನ್ನುವ ಬಿಳಿ ವೈನ್ ಮಾಡುವ ಹಲವರು ಒಟ್ಟಾಗಿ ಕಾರ್ಕ್ ಬಿಟ್ಟು ತಿರುಪಿಗೆ ಬಂದರು, ಬೇರೆಯವರೂ ಹಿಂದೆಯೇ ಬಂದರು. ಈ ಮುಚ್ಚಳ ಗಾಳಿಯನ್ನು ಎಷ್ಟು ಬಿಗಿಯಾಗಿ ತಡೆಯುತ್ತದೆಂದರೆ, ಕೆಲವು ಬಾಟಲಿ ತೆರೆದ ಕೂಡಲೇ ಬೆಂಕಿಕಡ್ಡಿ ಗೀಚಿದ ಹಾಗೆ ಒಂದು ಗಂಧಕದ ವಾಸನೆ. ಕೆಟ್ಟಿದೆ ಅಂತ ನಾನು ಒಂದು ಬಾಟಲಿ ಸಿಂಕಿಗೇ ಸುರಿದಿದ್ದೆ! ಬೇರೆ ಪಾತ್ರೆಗೆ ಸುರಿದು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಸಾಕಿತ್ತು. ಫ್ರಾನ್ಸಿನ ಬೋರ್ಡೋದ ಹೆಸರಾಂತ ವೈನ್ ತಜ್ಞ ಎಮಿಲ್ ಪೇನೋ, ಗಸಿ ಇದ್ದರೆ ಮಾತ್ರ ಬಗ್ಗಿಸಿ, ಅದೂ ಕುಡಿಯುವ ಹೊತ್ತಿಗೇ ಅನ್ನುತ್ತಿದ್ದರು. ತೀರಾ ಹಳೆಯ ವೈನಿಗೆ ಅದು ಸರಿಯೇ, ಗಾಳಿಗಿಟ್ಟರೆ ಇರುವ ಪರಿಮಳವೂ ಹೋಗುತ್ತದೆ. ಮೊನ್ನೆ ಮೊನ್ನೆ ತುಂಬಿಸಿದ ಶಿರಾಜಿಗೆ ಮಾತ್ರ ನಾನು ಆ ಮಾತು ಕೇಳುವುದಿಲ್ಲ.

ಸರಿ, ಯಾವುದು ಕೊಳ್ಳಬೇಕು? ಬಾಟಲಿಯಲ್ಲಿರುವುದು 750 ಮಿಲಿಲೀಟರ್. ಅದನ್ನು ಸುರಿದಾಗ ಪಾತ್ರೆಯ ಅತಿ ಅಗಲವಾದ ಜಾಗಕ್ಕೆ ಬಂದು ನಿಲ್ಲಬೇಕು, ಆಗಲೇ ಗಾಳಿ ತಾಗುವ ಮೈ ಜಾಸ್ತಿ. ಒಟ್ಟು ಒಂದೂವರೆ ಲೀಟರಿನಷ್ಟು ಹಿಡಿದರೆ ಧಾರಾಳ. ಬಾಯಿ ಅಗಲ ಇರಲಿ. ಕತ್ತನ್ನು ಒಂದೇ ಕೈಯಲ್ಲಿ ಹಿಡಿದು, ತುಂಬಿದ ಪಾತ್ರೆ ಎತ್ತಿ ಬಗ್ಗಿಸುವ ಹಾಗಿರಬೇಕು. ಅಂಗಡಿಯಲ್ಲಿ ನೀರು ತುಂಬಿಸಿ ನೋಡಲು ಬಿಡುವುದಿಲ್ಲ, ಸುಮ್ನೆ ಬಗ್ಗಿಸುವ ಹಾಗೆ ನಟಿಸಿ ನೋಡಿ, ಮಣಿಕಟ್ಟು ಹೇಳುತ್ತದೆ. ಮತ್ತೆ ಮನೆಯ ನಲ್ಲಿ ಎಷ್ಟು ಎತ್ತರದಲ್ಲಿದೆ ಅಂತ ಅಳೆದುಕೊಂಡು ಹೋಗಿ, ನನ್ನ ಕಥೆ ಗೊತ್ತಲ್ಲ.

ಇಲ್ಲಿನ ಆಪ್ ಶಾಪ್‌ಗಳಲ್ಲಿ, ಅಂದರೆ ದಾನದ ಸಾಮಾನು ಮಾರುವ ಅಂಗಡಿಗಳಲ್ಲಿ, ಕೆತ್ತನೆ ಮಾಡಿದ ಹಳೆಯ ಡಿಕ್ಯಾಂಟರ್‌ಗಳು 15 ಡಾಲರಿಗೆ ಸಿಗುತ್ತವೆ. ಭಾರ ಇರುತ್ತವೆ, ಬೆರಳಲ್ಲಿ ತಟ್ಟಿದರೆ ಗಂಟೆಯ ಹಾಗೆ ಉಲಿಯುತ್ತವೆ. ಅವುಗಳಲ್ಲಿ ಬಹಳಷ್ಟು ಸೀಸ ಸೇರಿಸಿದ ಗಾಜು. ಲೆಡ್ ಕ್ರಿಸ್ಟಲ್ ಅಂದರೆ ಸೀಸದ ಆಕ್ಸೈಡ್ ಶೇಕಡಾ 24ಕ್ಕೆ ಕಡಿಮೆ ಇರುವುದಿಲ್ಲ. ವೈನ್ ಹುಳಿ ಪದಾರ್ಥ, ಹೊತ್ತು ಹೋದಷ್ಟೂ ಸೀಸ ಅದಕ್ಕೆ ಇಳಿಯುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಬೇಡ ಅಂತ ಅಜ್ಜಿ ಬೈಯುತ್ತಿರಲಿಲ್ಲವಾ, ಅದೇ ಲೆಕ್ಕ. ಶೋಕೇಸಿಗೆ ತನ್ನಿ, ವೈನ್ ತುಂಬಿಸಿಡಬೇಡಿ.

ಒಂದು ಶನಿವಾರ ನಾಲ್ಕು ಜನ ಗೆಳೆಯರು ಬಂದಿದ್ದರು. ಒಂದೇ ಬಾಟಲಿಯ ಅರ್ಧವನ್ನು ಹೊಸ ಡಿಕ್ಯಾಂಟರಿಗೆ, ಅರ್ಧವನ್ನು ನಿಂಬೆ ಪಾನಕದ ಗಾಜಿನ ಜಗ್ಗಿಗೆ ಹಾಕಿ ಒಂದು ಗಂಟೆ ಇಟ್ಟೆ. ಯಾವುದು ಯಾವುದರದ್ದು ಅಂತ ಹೇಳದೆ ಕೊಟ್ಟರೆ ಇಬ್ಬರು ಜಗ್ಗಿನದೇ ಚೆನ್ನಾಗಿದೆ ಅಂದರು, ಒಬ್ಬರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಇನ್ನೊಬ್ಬರು ಚಕ್ಕುಲಿ ಎಲ್ಲಿಂದ ತಂದಿರಿ ಅಂತ ಕೇಳಿದರು. ಹೋದ ವರ್ಷ ಊರಿಗೆ ಬಂದಾಗ ನಂದಿ ಬೆಟ್ಟದ ಕಡೆಯ ಕೆಂಪು ವೈನನ್ನು ತಮ್ಮನ ಮನೆಯ ಸ್ಟೀಲ್ ಜಗ್ಗಿಗೇ ಬಗ್ಗಿಸಿದೆ, ಏನೂ ಕೊರತೆ ಆಗಲಿಲ್ಲ.

ತೊಳೆಯಲು ಸೋಪು ಬೇಡ, ವಾಸನೆ ಉಳಿಯುತ್ತದೆ. ಅದೇ ರಾತ್ರಿ ಬಿಸಿನೀರು ಹಾಕಿ ಕುಲುಕಿ, ಬೋರಲು ಹಾಕಿಬಿಡಿ. ಕಲೆ ಕೂತರೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು, ಗರಗರ ತಿರುಗಿಸಿ. ಎಣ್ಣೆ ಸೀಸೆ ತೊಳೆದವರಿಗೆ ಇದನ್ನು ಕಲಿಸಬೇಕಾ?

ಈಗಿರುವುದು 35 ಡಾಲರಿನ, ಸೀಸವಿಲ್ಲದ, ಸಾದಾ ಡಿಕ್ಯಾಂಟರ್. ತಳ ಅಗಲ, ಕತ್ತು ನೆಟ್ಟಗೆ. ಹಂಸದ ಮೈ ಇನ್ನೂ ಇದೆ, ಒಡೆದ ಅಂಚಿಗೆ ಟೇಪ್ ಸುತ್ತಿ ಕಿಟಕಿಯಲ್ಲಿ ಇಟ್ಟಿದ್ದೇನೆ. ಮನಿಪ್ಲಾಂಟ್ ಮೂರು ಎಲೆ ಬಿಟ್ಟಿದೆ.