ನಾನು ಅಳಿಸಿದ ಉಸಿರು

ಹಾಡುವವರ ಉಸಿರನ್ನು ಅಳಿಸುವುದು ತುಂಬ ಸುಲಭ. ಎರಡು ಸಾಲಿನ ನಡುವೆ ಅವರು ಉಸಿರು ಎಳೆದುಕೊಂಡದ್ದು ಕಂಪ್ಯೂಟರ್ ಪರದೆಯ ಮೇಲೆ ಒಂದು ಸಣ್ಣ ಉಬ್ಬಿನ ಹಾಗೆ ಕಾಣುತ್ತದೆ. ಅದನ್ನು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದರೆ ಆಯಿತು. ಒಂದು ಹಾಡಿನಲ್ಲಿ ಇಂಥವು 40-50 ಇರುತ್ತವೆ. ನಾನು ಸೌಂಡ್ ಎಂಜಿನಿಯರ್. ಆರು ವರ್ಷದ ಹಿಂದೆ ಒಂದು ಆಲ್ಬಂನ ಹತ್ತೂ ಹಾಡಿನಲ್ಲಿ ಕೂತು ಒಂದೊಂದೇ ಉಸಿರನ್ನು ಅಳಿಸಿದೆ. ಮೂರು ದಿನ ಹಿಡಿಯಿತು. ಮುಗಿದಾಗ ಎಷ್ಟು ಚೊಕ್ಕವಾಗಿದೆ ಅಂತ ಖುಷಿಪಟ್ಟೆ.

ಅದು ತಾವೇ ಹಾಡು ಬರೆದು, ತಾವೇ ಗಿಟಾರ್ ಹಿಡಿದು ಹಾಡುವ ಒಬ್ಬರ ಮೊದಲ ಸ್ಟುಡಿಯೋ ಆಲ್ಬಂ. ಅವರ ಹೆಸರು ಇಲ್ಲಿ ಬೇಡ. ಅದಕ್ಕೂ ಮೊದಲು ಅವರು ತಮ್ಮ ಕೋಣೆಯಲ್ಲೇ ಕೂತು, ಫೋನ್‌ನಲ್ಲಿ ರೆಕಾರ್ಡ್ ಮಾಡಿದ ನಾಲ್ಕು ಹಾಡು ಹೊರಗೆ ಬಂದಿದ್ದವು. ಕೇಳುವವರು ಜಾಸ್ತಿ ಇರಲಿಲ್ಲ. ಆದರೆ ಇದ್ದವರು ಮತ್ತೆ ಮತ್ತೆ ಕೇಳುವವರು. ಅವರನ್ನು ನಂಬಿಕೊಂಡೇ ಇವರು ಕೂಡಿಟ್ಟ ದುಡ್ಡನ್ನೆಲ್ಲ ತಂದು ಸ್ಟುಡಿಯೋ ಸಮಯಕ್ಕೆ ಸುರಿದರು. ಆ ನಾಲ್ಕು ಹಾಡೂ ಆಲ್ಬಂನಲ್ಲಿ ಇರಬೇಕು, ಈ ಸಲ ಸರಿಯಾಗಿ ರೆಕಾರ್ಡ್ ಆಗಬೇಕು ಅನ್ನುವುದು ಅವರ ಆಸೆ.

"ಸರಿಯಾಗಿ" ಅನ್ನುವ ಮಾತನ್ನು ನಾನು ನನ್ನ ಅರ್ಥದಲ್ಲಿ ತೆಗೆದುಕೊಂಡೆ.

ಮೊದಲು ಕ್ಲಿಕ್ ಟ್ರ್ಯಾಕ್ ಹಾಕಿದೆ. ಹೆಡ್‌ಫೋನ್‌ನಲ್ಲಿ ಟಕ್ ಟಕ್ ಅಂತ ಕೇಳುತ್ತಾ ಇರುತ್ತದೆ, ಅದರ ಲೆಕ್ಕಕ್ಕೆ ಗಿಟಾರ್ ನುಡಿಸಬೇಕು. ಮೇಲೆ ಡ್ರಮ್ಸ್, ಬೇಸ್ ಸೇರಿಸಬೇಕಾದರೆ ಕ್ಲಿಕ್ ಇದ್ದರೆ ನಮಗೆ ಅನುಕೂಲ. ಆದರೆ ಅವರು ಪ್ರತಿ ಚರಣದ ಕೊನೆಯಲ್ಲಿ ಸ್ವಲ್ಪ ನಿಧಾನ ಮಾಡುತ್ತಿದ್ದರು. ಆ ಕೊನೆಯ ಪದವನ್ನು ಹೇಳಲೋ ಬೇಡವೋ ಅನ್ನುವ ಹಾಗೆ ಒಂದು ಕ್ಷಣ ತಡೆಯುತ್ತಿದ್ದರು. ಕ್ಲಿಕ್ ಬಂದ ಮೇಲೆ ಆ ತಡೆ ಹೋಯಿತು. ಎರಡನೆಯದಾಗಿ, ಗಿಟಾರ್ ಬೇರೆ, ದನಿ ಬೇರೆ ರೆಕಾರ್ಡ್ ಮಾಡಿದೆ. ಒಂಬತ್ತು ಟೇಕ್ ತೆಗೆದುಕೊಂಡು, ಅಂದರೆ ಒಂದೇ ಹಾಡನ್ನು ಒಂಬತ್ತು ಸಲ ಹಾಡಿಸಿ, ಒಂದೊಂದರಿಂದ ಚೆನ್ನಾಗಿರುವ ಸಾಲು ಆರಿಸಿ ಜೋಡಿಸಿದೆ. ಸ್ವರ ಅಲ್ಲಲ್ಲಿ ಕೂದಲೆಳೆಯಷ್ಟು ಕೆಳಗೆ ಇದ್ದರೆ ಪಿಚ್ ಕರೆಕ್ಷನ್‌ನಲ್ಲಿ ಎತ್ತಿ ಕೂರಿಸಿದೆ.

ಉಸಿರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ತಪ್ಪನ್ನು ಈಗಲೂ ತುಂಬ ಜನ ಮಾಡುವುದನ್ನು ನೋಡುತ್ತೇನೆ. ದನಿಗೆ ಕಂಪ್ರೆಸರ್ ಹಾಕಿದಾಗ ಜೋರಾದ ಜಾಗಗಳು ತಗ್ಗುತ್ತವೆ. ಆಮೇಲೆ ಒಟ್ಟು ದನಿಯನ್ನು ಮೇಲೆತ್ತುತ್ತೇವೆ. ಆಗ ಮೆಲ್ಲಗಿದ್ದದ್ದು ಎದ್ದು ಕೇಳುತ್ತದೆ. ಉಸಿರೂ ಅದರ ಜೊತೆಗೇ ಎದ್ದು ಬರುತ್ತದೆ. ಕಿವಿಗೆ ಕಿರಿಕಿರಿ ಆಗುತ್ತದೆ. ಅದು ಕಂಪ್ರೆಸರ್ ತಂದ ತೊಂದರೆ, ಹಾಡುವವರು ತಂದದ್ದಲ್ಲ. ನಾನು ಹಾಕಿದ್ದ ಕಂಪ್ರೆಸರನ್ನು ಕಡಿಮೆ ಮಾಡುವ ಬದಲು ಉಸಿರನ್ನೇ ಕತ್ತರಿಸಿದೆ. ಕತ್ತರಿಸಿದ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಕೋಣೆಯ ಸದ್ದು ಕೂಡ ಇಲ್ಲ, ಪೂರ್ತಿ ಸೊನ್ನೆ. ಹಾಗಾಗಿ ದನಿ ಸ್ವಿಚ್ ಹಾಕಿದ ಹಾಗೆ ಬರುತ್ತದೆ, ಸ್ವಿಚ್ ಆರಿಸಿದ ಹಾಗೆ ಹೋಗುತ್ತದೆ. ಕೇಳುವವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರುವುದಿಲ್ಲ. ಆದರೆ ಮನುಷ್ಯರು ಎದುರಿಗೆ ಕೂತಿಲ್ಲ ಅಂತ ಗೊತ್ತಾಗುತ್ತದೆ. ದೊಡ್ಡ ಸಾಲಿಗೆ ಮೊದಲು ದೊಡ್ಡ ಉಸಿರು ಇರುತ್ತದೆ, ಅಲ್ವಾ? ಅದನ್ನು ಕೇಳಿಯೇ ನಾವು ಮುಂದಿನ ಸಾಲಿಗೆ ಕಾಯುವುದು.

ಕೊನೆಗೆ ಮಾಸ್ಟರಿಂಗ್, ಅಂದರೆ ಹಾಡು ಹೊರಗೆ ಹೋಗುವ ಮೊದಲು ಒಟ್ಟು ಸದ್ದನ್ನು ಹದಗೊಳಿಸುವ ಕೆಲಸ. ಅದನ್ನೂ ನಾನೇ ಮಾಡಿದೆ. ಬೇರೆಯವರ ಹಾಡಿನ ಪಕ್ಕದಲ್ಲಿ ಇದು ಮೆಲ್ಲಗೆ ಕೇಳಬಾರದು ಅಂತ ಮೈನಸ್ 8 ಎಲ್‌ಯುಎಫ್‌ಎಸ್ ತನಕ ತಳ್ಳಿದೆ. ಎಲ್‌ಯುಎಫ್‌ಎಸ್ ಅಂದರೆ ಹಾಡು ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಸ್ಪಾಟಿಫೈನಂಥ ಕಡೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ ಮೈನಸ್ 14ರ ಹತ್ತಿರಕ್ಕೆ ತರುತ್ತಾರೆ. ಅಂದರೆ ನಾನು ಅಷ್ಟು ಕಷ್ಟಪಟ್ಟು ಏರಿಸಿದ 6 ಡೆಸಿಬೆಲ್ ಅಲ್ಲಿ ವಾಪಸ್ ಇಳಿಯಿತು. ಜೋರು ಹೋಯಿತು, ಜೋರಿಗಾಗಿ ನಾನು ಚಪ್ಪಟೆ ಮಾಡಿದ್ದು ಮಾತ್ರ ಉಳಿಯಿತು.

ಆಲ್ಬಂ ಬಂತು. ಬೈದವರು ಯಾರೂ ಇಲ್ಲ. ಬರೆದವರೆಲ್ಲ ಒಳ್ಳೆಯದನ್ನೇ ಬರೆದರು. ರೆಕಾರ್ಡಿಂಗ್ ಗುಣಮಟ್ಟ ಚೆನ್ನಾಗಿದೆ ಅಂದರು. ಅದನ್ನು ಓದಿ ನಾನು ಹಿಗ್ಗಿದೆ. ಹಾಡಿನ ಬಗ್ಗೆ ಯಾರೂ ಏನೂ ಹೇಳುತ್ತಿಲ್ಲ ಅನ್ನುವುದು ಆಗ ಹೊಳೆಯಲೇ ಇಲ್ಲ. ಹಾಡು ಮನಸ್ಸಿಗೆ ತಟ್ಟಿದವರು ರೆಕಾರ್ಡಿಂಗ್ ಬಗ್ಗೆ ಮಾತಾಡುವುದಿಲ್ಲ. ಯಾವ ಸಾಲು ತಟ್ಟಿತು ಅಂತ ಹೇಳುತ್ತಾರೆ.

ಒಂದೂವರೆ ತಿಂಗಳ ಮೇಲೆ, ಯಾವುದನ್ನು ಎಷ್ಟು ಜನ ಕೇಳಿದರು ಅನ್ನುವ ಲೆಕ್ಕವನ್ನು ಹಾಡಿದವರು ನನಗೆ ತೋರಿಸಿದರು. ಆ ನಾಲ್ಕು ಹಾಡುಗಳ ಹೊಸ ರೂಪ ಬಂದ ಮೇಲೂ ಜನ ಹಳೆಯ ಫೋನ್ ರೆಕಾರ್ಡಿಂಗನ್ನೇ ಹುಡುಕಿಕೊಂಡು ಹೋಗಿ ಕೇಳುತ್ತಿದ್ದರು. ಕೇಳುಗರಿಗೆ ಅಭ್ಯಾಸ ಬಲ, ಹೊಸದಕ್ಕೆ ಹೊಂದಿಕೊಳ್ಳಲು ಸಮಯ ಬೇಕು ಅಂತ ನಾನು ಸಮಾಧಾನ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಸರ್, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ಹಾಡಿದ್ದು ನಾನೇ ಅಲ್ವಾ? ನನಗೇ ಬೇರೆ ಯಾರೋ ಹಾಡಿದ ಹಾಗೆ ಕೇಳುತ್ತಿದೆ."

ಆ ರಾತ್ರಿ ನಾನು ಫೋನ್ ರೆಕಾರ್ಡಿಂಗನ್ನೂ, ದನಿ, ವಾದ್ಯ ಎಲ್ಲ ಸೇರಿಸಿ ಹದ ಮಾಡಿದ ನನ್ನ ಮಿಕ್ಸನ್ನೂ ಒಂದೇ ಮಟ್ಟಕ್ಕೆ ತಂದು, ಕಣ್ಣು ಮುಚ್ಚಿ ಒಂದಾದ ಮೇಲೊಂದು ಕೇಳಿದೆ. ಫೋನ್‌ನಲ್ಲಿ ಹಿಸ್ ಇತ್ತು, ಹಿನ್ನೆಲೆಯಲ್ಲಿ ಸುಯ್ ಅನ್ನುವ ಸದ್ದು. ಕುರ್ಚಿ ಕಿರ್ ಅನ್ನುತ್ತಿತ್ತು. ಒಂದು ಕಡೆ ಗಿಟಾರ್ ತಂತಿ ತಪ್ಪಾಗಿ ಮುಟ್ಟಿತ್ತು. ಆದರೂ ಅವರು ಅಲ್ಲಿ ಇದ್ದರು.

ಆಮೇಲೆ ಕೆಲವು ತಿಂಗಳು ಬಿಡುವಾದಾಗಲೆಲ್ಲ ಇಂಥ ಮೊದಮೊದಲ ಆಲ್ಬಂಗಳನ್ನು ಹುಡುಕಿ ಕೇಳಿದೆ, ಅವು ಹೇಗೆ ತಯಾರಾದವು ಅಂತ ಓದಿದೆ. ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರ ಮೊದಲ ಆಲ್ಬಂ ನ್ಯೂಯಾರ್ಕ್‌ನಲ್ಲಿ 1961ರ ನವೆಂಬರ್‌ನಲ್ಲಿ ಎರಡು ಮಧ್ಯಾಹ್ನದಲ್ಲಿ ರೆಕಾರ್ಡ್ ಆಯಿತು. ಪ್ರೊಡ್ಯೂಸರ್, ಅಂದರೆ ರೆಕಾರ್ಡಿಂಗ್ ಹೇಗಿರಬೇಕು ಅಂತ ನೋಡಿಕೊಳ್ಳುವವರು, ಜಾನ್ ಹ್ಯಾಮಂಡ್. ಹುಡುಗ ಡಿಲನ್‌ಗೆ ಮೈಕ್ ಮುಂದೆ ನಿಲ್ಲಲು ಬರುತ್ತಿರಲಿಲ್ಲ. 'ಪ' ಬಂದಾಗಲೆಲ್ಲ ಮೈಕ್ ಬಡಿಯುತ್ತಿತ್ತು, 'ಸ' ಸೀಟಿ ಹೊಡೆಯುತ್ತಿತ್ತು, ಹಾಡುತ್ತಾ ಮೈಕ್‌ನಿಂದ ಆಚೆ ಹೋಗಿಬಿಡುತ್ತಿದ್ದರು ಅಂತ ಹ್ಯಾಮಂಡ್ ಹೇಳಿಕೊಂಡಿದ್ದಾರೆ. ಆದರೂ ಅದನ್ನು ಹಾಗೇ ಹಿಡಿದರು. 1962ರ ಮಾರ್ಚ್‌ನಲ್ಲಿ ಬಂದ ಆ ಆಲ್ಬಂ ಮೊದಲ ವರ್ಷ ಸುಮಾರು 5,000 ಪ್ರತಿ ಮಾತ್ರ ಮಾರಾಟವಾಯಿತು. ರೆಕಾರ್ಡ್ ಕಂಪನಿಯ ಒಳಗೇ ಅದಕ್ಕೆ "ಹ್ಯಾಮಂಡ್‌ರ ಮೂರ್ಖತನ" ಅನ್ನುವ ಹೆಸರು ಬಿತ್ತು. ಹ್ಯಾಮಂಡ್ ಕೈಬಿಡಲಿಲ್ಲ. ಮುಂದಿನ ವರ್ಷ ಬಂದ ಎರಡನೇ ಆಲ್ಬಂ ಎಲ್ಲವನ್ನೂ ಬದಲಿಸಿತು.

ನನ್ನನ್ನು ಜಾಸ್ತಿ ಕಾಡಿದ್ದು ಕೆನಡಾದ ಹಾಡುಗಾರ್ತಿ ಜೋನಿ ಮಿಚೆಲ್ ಅವರ ಮೊದಲ ಆಲ್ಬಂ, 'ಸಾಂಗ್ ಟು ಎ ಸೀಗಲ್'. 1968ರದ್ದು. ಪ್ರೊಡ್ಯೂಸರ್ ಡೇವಿಡ್ ಕ್ರಾಸ್ಬಿ. ಕ್ರಾಸ್ಬಿ ಅವರ ಉದ್ದೇಶ ತುಂಬ ಒಳ್ಳೆಯದು. ಆ ಕಾಲದಲ್ಲಿ ಇಂಥ ಹಾಡಿಗೆ ಸುತ್ತ ವಾದ್ಯ ತುಂಬುವುದು ರೂಢಿ. ಅವರು ಅದನ್ನು ತಡೆದರು. ದನಿ, ಗಿಟಾರ್, ಸ್ವಲ್ಪ ಪಿಯಾನೋ, ಅಷ್ಟೇ ಸಾಕು ಅಂದರು. ಜೊತೆಗೆ ಒಂದು ಪ್ರಯೋಗ ಮಾಡಿದರು. ದೊಡ್ಡ ಪಿಯಾನೋದ ಒಳಗಿನ ತಂತಿಗಳ ಕಡೆ ಮುಖ ಮಾಡಿ ಜೋನಿ ಅವರನ್ನು ಹಾಡಿಸಿದರು. ದನಿಗೆ ತಂತಿಗಳು ತಾವಾಗೇ ಮಿಡಿಯುತ್ತವೆ. ಆ ಮೆಲ್ಲನೆಯ ಮಿಡಿತ ಹಿಡಿಯಲು ಹೆಚ್ಚಿಗೆ ಮೈಕ್ ಇಟ್ಟರು. ಹಿಡಿದದ್ದರಲ್ಲಿ ಹಿಸ್ ತುಂಬಿಕೊಂಡಿತು. ಹಿಸ್ ತೆಗೆಯಲು ಮೇಲಿನ ಫ್ರೀಕ್ವೆನ್ಸಿಗಳನ್ನು, ಅಂದರೆ ಸದ್ದಿನ ತೀರಾ ತೀಕ್ಷ್ಣವಾದ ಭಾಗವನ್ನು, ಕತ್ತರಿಸಬೇಕಾಯಿತು. ಅದರ ಜೊತೆ ದನಿಯ ಹೊಳಪೂ ಹೋಯಿತು. ಆಲ್ಬಂ ಮಂಕಾಗಿ ಕೇಳಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ತಲುಪಿದ್ದು 189ನೇ ಜಾಗ.

ಮಾರಾಟ ಅಷ್ಟಕ್ಕೇ ನಿಲ್ಲಲು ಸದ್ದು ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಬೇರೆ ಗಾಯಕರು ಹಾಡಿ ಆಗಲೇ ಹೆಸರಾಗಿದ್ದ ತಮ್ಮ ಹಾಡುಗಳನ್ನು ಜೋನಿ ಆ ಆಲ್ಬಂನಲ್ಲಿ ಇಡಲೇ ಇಲ್ಲ. ಮರುವರ್ಷ ಬಂದ 'ಕ್ಲೌಡ್ಸ್' 31ನೇ ಜಾಗಕ್ಕೆ ಏರಿತು, ಗ್ರ್ಯಾಮಿ ಕೂಡ ತಂದಿತು. ಆದರೆ ಆ ಮೊದಲ ಮಿಕ್ಸ್ ಅವರ ಮನಸ್ಸಿನಲ್ಲಿ ಕೂತೇ ಇತ್ತು. 2021ರಲ್ಲಿ, 53 ವರ್ಷ ಆದ ಮೇಲೆ, ಅವರು ಆ ಆಲ್ಬಂಗೆ ಹೊಸ ಮಿಕ್ಸ್ ಮಾಡಿಸಿ ಹೊರತಂದರು. ಹಳೆಯದು ಜೆಲ್ಲಿ ಬಟ್ಟಲಿನ ಅಡಿಯಲ್ಲಿ ರೆಕಾರ್ಡ್ ಆದ ಹಾಗಿತ್ತು, ಅದನ್ನು ಸರಿಮಾಡಿದೆ ಅಂದರು. 53 ವರ್ಷ! ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ.

ಹಾಗಂತ ಏನೂ ಸೇರಿಸಲೇಬಾರದು ಅಂತಲೂ ಅಲ್ಲ. ಇದಕ್ಕೆ ತದ್ವಿರುದ್ಧ ಉದಾಹರಣೆ ಅಮೆರಿಕದ ಹಾಡುಗಾರರಾದ ಸೈಮನ್ ಮತ್ತು ಗಾರ್ಫಂಕಲ್ ಜೋಡಿಯದು. 1964ರ ಅವರ ಮೊದಲ ಆಲ್ಬಂ ಯಾರಿಗೂ ಬೇಡವಾಯಿತು. ಜೋಡಿ ಬೇರೆ ಬೇರೆ ದಾರಿ ಹಿಡಿಯಿತು. ಅದರಲ್ಲಿದ್ದ 'ದಿ ಸೌಂಡ್ ಆಫ್ ಸೈಲೆನ್ಸ್' ಹಾಡಿಗೆ 1965ರಲ್ಲಿ ಪ್ರೊಡ್ಯೂಸರ್ ಟಾಮ್ ವಿಲ್ಸನ್ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್ ಸೇರಿಸಿ ಮತ್ತೆ ಬಿಟ್ಟರು. ಹಾಡಿದವರನ್ನು ಕೇಳಲೂ ಇಲ್ಲ. 1966ರ ಜನವರಿಯಲ್ಲಿ ಅದು ಅಮೆರಿಕದಲ್ಲಿ ಒಂದನೇ ಜಾಗಕ್ಕೆ ಹೋಯಿತು. ಕೇಳದೆ ಮಾಡಿದ್ದು ನನಗೆ ಇಷ್ಟವಿಲ್ಲ. ಆದರೆ ಗಮನಿಸಿ, ವಿಲ್ಸನ್ ಆ ಎರಡು ದನಿಗಳಿಂದ ಏನನ್ನೂ ಕಳೆಯಲಿಲ್ಲ. ಹೊಸ ವಾದ್ಯಗಳೇ ಹಳೆಯ ಟೇಪಿನ ನಡಿಗೆಗೆ ಹೊಂದಿಕೊಂಡವು. ಬೇಡ ಅಂದರೆ ಸೇರಿಸಿದ್ದನ್ನು ಬಿಟ್ಟು ಮೂಲವನ್ನು ಕೇಳಬಹುದು. ಅದು ಹಾಗೇ ಉಳಿದಿದೆ.

ನನ್ನ ತಪ್ಪು ಎಲ್ಲಿದೆ ಅಂತ ಇಲ್ಲಿ ನನಗೆ ಸ್ಪಷ್ಟವಾಯಿತು. ನಾನು ಡ್ರಮ್ಸ್ ಸೇರಿಸಿದ್ದು ಅಂಥ ತಪ್ಪಲ್ಲ. ಒಂದು ಬಟನ್ ಒತ್ತಿ ಮ್ಯೂಟ್ ಮಾಡಬಹುದು. ಆದರೆ ಕಳೆದದ್ದನ್ನು ಯಾವ ಬಟನ್ ಒತ್ತಿಯೂ ತರಲು ಆಗುವುದಿಲ್ಲ. ಕ್ಲಿಕ್ ಹಾಕಿ ತೆಗೆದ ಆ ತಡೆ, ಕತ್ತರಿಸಿದ ಉಸಿರು, ಎತ್ತಿ ಕೂರಿಸಿದ ಸ್ವರ.

ಈಗ ಯಾರಾದರೂ ಮೊದಲ ಆಲ್ಬಂ ಮಾಡಲು ಬಂದರೆ, ಮೊದಲ ದಿನ ಏನೂ ಮಾಡುವುದಿಲ್ಲ. ಎರಡು ಮೈಕ್ ಇಟ್ಟು, ಎಲ್ಲ ಹಾಡನ್ನೂ ಒಂದೇ ಸಲ ಹಾಡಿಸಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಹೆಡ್‌ಫೋನ್ ಇಲ್ಲ, ಕ್ಲಿಕ್ ಇಲ್ಲ. ಆಮೇಲೆ ಎರಡು ವಾರ ಕೆಲಸ ಮಾಡಿದ ಮಿಕ್ಸನ್ನು ಆ ಮೊದಲ ದಿನದ ರೆಕಾರ್ಡಿಂಗ್ ಪಕ್ಕದಲ್ಲಿ ಇಟ್ಟು ಕೇಳುತ್ತೇನೆ. ಎಷ್ಟೋ ಸಲ ಆ ಮೊದಲ ದಿನದ್ದೇ ಆಲ್ಬಂಗೆ ಹೋಗಿದೆ. ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ ಅವರ 'ಪಿಂಕ್ ಮೂನ್' ನೆನಪಿಗೆ ಬರುತ್ತದೆ. ಲಂಡನ್‌ನಲ್ಲಿ 1971ರ ಅಕ್ಟೋಬರ್‌ನಲ್ಲಿ ಎರಡೇ ರಾತ್ರಿಯಲ್ಲಿ ಮುಗಿದ ಆಲ್ಬಂ ಅದು. ಸ್ಟುಡಿಯೋದಲ್ಲಿ ಹಾಡುವವರು ಮತ್ತು ಎಂಜಿನಿಯರ್ ಜಾನ್ ವುಡ್, ಇಬ್ಬರೇ. ದನಿ ಮತ್ತು ಗಿಟಾರ್ ಬಿಟ್ಟರೆ, ಮೇಲೆ ಸೇರಿಸಿದ್ದು ಒಂದು ಹಾಡಿಗೆ ಒಂದಿಷ್ಟು ಪಿಯಾನೋ. ಒಟ್ಟು 28 ನಿಮಿಷ. ಆಗ ಕೊಂಡವರು ತೀರಾ ಕಡಿಮೆ. ಡ್ರೇಕ್ 1974ರಲ್ಲಿ 26ನೇ ವಯಸ್ಸಿಗೆ ತೀರಿಕೊಂಡರು. ತೀರಿಕೊಂಡು ಸುಮಾರು 25 ವರ್ಷ ಆದ ಮೇಲೆ ಒಂದು ಕಾರಿನ ಜಾಹೀರಾತಿನಿಂದ ಹೊಸ ತಲೆಮಾರಿನ ಜನ ಅದನ್ನು ಕೇಳಿದರು. ಅವರಿಗೆ ಸಿಕ್ಕಿದ್ದು ಆ ಎರಡು ರಾತ್ರಿಯ ಕೋಣೆ, ಹೇಗಿತ್ತೋ ಹಾಗೆ. ಜಾನ್ ವುಡ್ ಅವರ ಜಾಗದಲ್ಲಿ ಆರು ವರ್ಷದ ಹಿಂದಿನ ನಾನು ಇದ್ದಿದ್ದರೆ ಅನ್ನುವ ಯೋಚನೆ ನನಗೆ ಹಿಂಸೆ ಕೊಡುತ್ತದೆ.

ಉಸಿರನ್ನು ಈಗ ಕತ್ತರಿಸುವುದಿಲ್ಲ. ಎದ್ದು ಕೇಳಿದರೆ 4 ಡೆಸಿಬೆಲ್ ತಗ್ಗಿಸುತ್ತೇನೆ, ಹೆಚ್ಚೆಂದರೆ 6. ಅದಕ್ಕೂ ಮೊದಲು ಕಂಪ್ರೆಸರ್ ಜಾಸ್ತಿ ಆಯಿತೇ ಅಂತ ನೋಡುತ್ತೇನೆ. ಮಾಸ್ಟರಿಂಗ್ ಬೇರೆಯವರಿಗೆ ಕೊಡುತ್ತೇನೆ. ಮೂರು ವಾರ ಅದೇ ಹಾಡು ಕೇಳಿದ ಕಿವಿಗೆ ಆ ಕೆಲಸ ಆಗುವುದಿಲ್ಲ. ವಿಮರ್ಶೆ ಬಂದಾಗ ಹಾಡಿದವರ ಜೊತೆ ಕೂತು ಓದುತ್ತೇನೆ. ಯಾವ ಮಾತು ಅವರ ಹಾಡಿನ ಬಗ್ಗೆ, ಯಾವುದು ನನ್ನ ಕೆಲಸದ ಬಗ್ಗೆ ಅಂತ ಬಿಡಿಸಿ ಹೇಳುತ್ತೇನೆ. ಮೊದಲ ಆಲ್ಬಂ ಹೊತ್ತಿಗೆ ಅವರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಲ್ಲ ಕೊರತೆಯನ್ನೂ ತಮ್ಮದೇ ಅಂದುಕೊಂಡುಬಿಡುತ್ತಾರೆ. ನನ್ನ ಆ ಆಲ್ಬಂನವರು ಎಂಟು ತಿಂಗಳು ಒಂದು ಹಾಡನ್ನೂ ಬರೆಯಲಿಲ್ಲ.

ಹೋದ ವರ್ಷ ಅವರಿಗೆ ನಾನೇ ಫೋನ್ ಮಾಡಿದೆ. ದುಡ್ಡು ಬೇಡ, ಆ ಹತ್ತು ಹಾಡನ್ನೂ ಮತ್ತೆ ಮಿಕ್ಸ್ ಮಾಡಿಕೊಡುತ್ತೇನೆ ಅಂದೆ. ಬಂದರು. ಹಳೆಯ ಹಾರ್ಡ್ ಡಿಸ್ಕ್ ತೆಗೆದು, ಜೋಡಿಸಿದ್ದನ್ನು ಬಿಟ್ಟು ಮೂಲ ಟೇಕ್‌ಗಳನ್ನು ಒಂದೊಂದೇ ತೆರೆದೆವು. ಕ್ಲಿಕ್ ಹಾಕುವ ಮೊದಲು ಸುಮ್ನೆ ಅಭ್ಯಾಸಕ್ಕೆ ಅಂತ ಹಾಡಿದ್ದವೂ ಕೆಲವು ಸಿಕ್ಕವು. ಏಳು ಹಾಡು ಚೆನ್ನಾಗಿ ಬಂದವು. ಉಳಿದ ಮೂರರಲ್ಲಿ ಮೂಲ ಟೇಕ್ ಇರಲಿಲ್ಲ. ಆಗ ಡಿಸ್ಕ್‌ನಲ್ಲಿ ಜಾಗ ಸಾಲದೆ, ಬಳಸದ ಫೈಲ್ ಅಂತ ನಾನೇ ಅಳಿಸಿದ್ದೆ. ಅದರಲ್ಲಿ ಒಂದು, ಅವರು ತಮ್ಮ ತಂದೆ ತೀರಿಕೊಂಡ ವಾರದಲ್ಲಿ ಬರೆದ ಹಾಡು. ವಿಷಯ ಹೇಳಿದೆ. ಅವರು ಪರದೆಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಗಿಟಾರ್ ತೆಗೆದು ಶ್ರುತಿ ಮಾಡಿಕೊಂಡರು. ಆ ಹಾಡನ್ನು ಹೊಸದಾಗಿ ಹಾಡಿದರು. ಚೆನ್ನಾಗಿತ್ತು. ಆದರೆ ಅದು ಆ ವಾರದ ದನಿ ಅಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಹೊಸದನ್ನು ಆಲ್ಬಂಗೆ ಹಾಕುವುದು ಬೇಡ ಅಂತ ಅವರೇ ಹೇಳಿದರು. ಆ ಮೂರು ಹಾಡು ನಾನು ಮಾಡಿದ ಹಾಗೇ ಉಳಿದಿವೆ.